ಸ್ಲಾಟ್‌ಗೆ ಸರಿಸಿದ್ದು ಶಿಕ್ಷೆಯಲ್ಲ

ಅಮೆರಿಕನ್ ಫುಟ್‌ಬಾಲ್ ಆಡುವ ಮಗನ ಕೈಯಿಂದ ಚೆಂಡು ಪದೇ ಪದೇ ಜಾರುತ್ತಿದೆ, ಕೋಚ್ ಅವನನ್ನು ಮೈದಾನದ ಅಂಚಿನಿಂದ ಒಳಗೆ, ಮಧ್ಯಕ್ಕೆ ಹತ್ತಿರದ ಸ್ಲಾಟ್ ಎಂಬ ಜಾಗಕ್ಕೆ ಸರಿಸಿದ್ದಾರೆ, ಇದು ಹಿಂಬಡ್ತಿಯೇ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ.

ನೆಲ್ಸನ್ ಅಗೊಲೊರ್ ಅವರನ್ನೇ ನೋಡಿ. 2015ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಹೊಸ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಆರಿಸಿಕೊಂಡ ರಿಸೀವರ್, ಅಂದರೆ ಎಸೆದ ಚೆಂಡನ್ನು ಹಿಡಿಯುವ ಆಟಗಾರ. ಮರುವರ್ಷ ಸುಲಭದ ಚೆಂಡುಗಳನ್ನೂ ಕೈಬಿಟ್ಟು ಒಂದು ಪಂದ್ಯಕ್ಕೆ ಹೊರಗುಳಿದರು. ತಲೆಯಲ್ಲಿ ಯೋಚನೆಯೇ ಹೆಚ್ಚಾಗಿದೆ ಎಂದು ತಾವೇ ಒಪ್ಪಿಕೊಂಡರು. 2017ರಲ್ಲಿ ಸ್ಲಾಟ್‌ಗೆ ಬಂದವರು 62 ಕ್ಯಾಚ್ ಹಿಡಿದು, 8 ಸಲ ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸಿ ಟಚ್‌ಡೌನ್ ಗಳಿಸಿದರು. ಆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 9 ಕ್ಯಾಚ್, 84 ಗಜ!

ಅಂಚಿನಲ್ಲಿ ಒಂದು ಬದಿಗೆ ಗೆರೆಯೇ ಗೋಡೆ. ಒಳಗೆ ಎಡಕ್ಕೂ ಬಲಕ್ಕೂ ದಾರಿಯಿದೆ, ಚೆಂಡೂ ಬೇಗ ಬರುತ್ತದೆ. ಅಳುಕಲು ಪುರುಸೊತ್ತೇ ಇರುವುದಿಲ್ಲ.

ಅವನ ಪಂದ್ಯದ ವಿಡಿಯೊ ನಿಧಾನಗೊಳಿಸಿ ನೋಡಿ. ಚೆಂಡು ಅಂಗೈ ಮುಟ್ಟುವ ಮೊದಲೇ ಕತ್ತು ಎದುರಾಳಿಯತ್ತ ತಿರುಗುತ್ತಿದೆಯೇ? ಹಾಗಿದ್ದರೆ ತಪ್ಪು ಕೈಯದಲ್ಲ, ಕಣ್ಣಿನದು. ಚೆಂಡು ಕಂಕುಳು ಸೇರುವವರೆಗೂ ದೃಷ್ಟಿ ಕದಲದಂತೆ ಹಿತ್ತಲಿನಲ್ಲಿ ದಿನಾ ಐವತ್ತು ಸಲ ಹಿಡಿಸಿ.

ಇನ್ನೊಂದು ಮಾತು: ಪಂದ್ಯ ಮುಗಿಸಿ ಮನೆಗೆ ಬರುವಾಗ ಕಾರಿನಲ್ಲಿ ಬಿಟ್ಟ ಚೆಂಡಿನ ಸುದ್ದಿ ಎತ್ತಬೇಡಿ. ನಾನು ಎತ್ತಿ, ನನ್ನ ಮಗ ವಾರವಿಡೀ ಮಾತು ಬಿಟ್ಟಿದ್ದ.