6 ಅಡಿಯ ಉಪ್ಪುನೀರಿನ ಟ್ಯಾಂಕ್‌ಗೆ ಎರಡು ಕ್ಯಾನಿಸ್ಟರ್ ಫಿಲ್ಟರ್ ಸಾಕಾ?

ನೀವು ಕೊಟ್ಟಿರುವ ವಿವರ: ಬೆಂಗಳೂರಿನ ಮನೆ, 6×2×2 ಅಡಿ ಟ್ಯಾಂಕ್, ಬೋರ್‌ವೆಲ್ ನೀರು, ಹವಳ ಇಲ್ಲ, ಮೀನು ಮಾತ್ರ. ಅಂಗಡಿಯವರು ಎರಡು ದೊಡ್ಡ ಕ್ಯಾನಿಸ್ಟರ್ ಹಾಕಿಸಿ ಎಂದಿದ್ದಾರೆ. ನಾನಾದರೆ ಒಂದನ್ನೂ ಹಾಕುವುದಿಲ್ಲ. ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡುವ, ಸ್ಪಾಂಜು ತುಂಬಿದ ಮುಚ್ಚಿದ ಡಬ್ಬಿ) ಕಸವನ್ನು ಹಿಡಿದಿಡುತ್ತದೆಯೇ ಹೊರತು ನೀರಿನಿಂದ ಆಚೆ ಹಾಕುವುದಿಲ್ಲ. ಸ್ಪಾಂಜಿನಲ್ಲಿ ಕೂತ ಮೀನಿನ ಹಿಕ್ಕೆ, ಉಳಿದ ತಿಂಡಿ ಅಲ್ಲೇ ಕೊಳೆತು ನೈಟ್ರೇಟ್ ಏರುತ್ತದೆ. ಎರಡು ವಾರಕ್ಕೊಮ್ಮೆ ಬಿಚ್ಚಿ ತೊಳೆದರೆ ಪರವಾಗಿಲ್ಲ, ಆದರೆ ಅಷ್ಟು ಶ್ರದ್ಧೆಯಿಂದ ತೊಳೆಯುವವರು ಅಪರೂಪ. ಅದೇ ದುಡ್ಡನ್ನು ಟ್ಯಾಂಕ್ ಕೆಳಗಿನ ಸಂಪ್ (ಟ್ಯಾಂಕಿನ ನೀರು ಇಳಿದು, ಪಂಪಿನಿಂದ ಮತ್ತೆ ಮೇಲೇರುವ ಗಾಜಿನ ತೊಟ್ಟಿ) ಮತ್ತು ಪ್ರೋಟೀನ್ ಸ್ಕಿಮ್ಮರ್‌ಗೆ ಹಾಕಿ. ಸ್ಕಿಮ್ಮರ್ ಕೊಳೆಯನ್ನು ನೊರೆಯ ಜೊತೆ ತನ್ನ ಮೇಲಿನ ಕಪ್‌ಗೆ ಎತ್ತಿಹಾಕುತ್ತದೆ, ನೀವು ಚೆಲ್ಲುತ್ತೀರಿ, ಲೆಕ್ಕ ಮುಗಿಯಿತು.

ಮೊದಲು ಸಂಪ್‌ನ ಅಳತೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಟ್ಯಾಂಕ್ 24 ಘನ ಅಡಿ, ಸುಮಾರು 680 ಲೀಟರ್. ಸಂಪ್ 4×1.5×1.5 ಅಡಿ ಇರಲಿ, ಓಡುವಾಗ ನೀರು 9 ಇಂಚು ಮಾತ್ರ ನಿಲ್ಲಲಿ. ಉಳಿದ 9 ಇಂಚು ಖಾಲಿ ಯಾಕೆ? ಕರೆಂಟ್ ಹೋದಾಗ ರಿಟರ್ನ್ ಪೈಪು (ಸಂಪ್‌ನಿಂದ ನೀರನ್ನು ಮೇಲಕ್ಕೆ ಒಯ್ಯುವುದು) ಸೈಫನ್ ಆಗಿ ಟ್ಯಾಂಕಿನ ನೀರನ್ನು ಹಿಂದಕ್ಕೆ ಎಳೆಯುತ್ತದೆ, ಟ್ಯಾಂಕಿನೊಳಗಿನ ಅದರ ತುದಿಯ ನಾಜಲ್‌ನ ಬಾಯಿ ಗಾಳಿಗೆ ಬರುವವರೆಗೂ ನಿಲ್ಲುವುದಿಲ್ಲ. ನಿಮ್ಮ ಟ್ಯಾಂಕಿನಲ್ಲಿ ಒಂದೊಂದು ಇಂಚು ಇಳಿದಾಗಲೂ 28 ಲೀಟರ್ ಕೆಳಗೆ ಬರುತ್ತದೆ. ನಾಜಲ್ 2 ಇಂಚು ಮುಳುಗಿದ್ದರೆ 57 ಲೀಟರ್, ಓವರ್‌ಫ್ಲೋ ಪೆಟ್ಟಿಗೆ (ಟ್ಯಾಂಕಿನ ನೀರು ಉಕ್ಕಿ ಕೆಳಗಿಳಿಯುವ ಜಾಗ) ಮತ್ತು ಪೈಪಿನ ನೀರೂ ಸೇರಿ 70 ಹಿಡಿಯಿರಿ. ಸಂಪ್‌ನಲ್ಲಿ ಸುಮಾರು 5 ಇಂಚು ಏರುತ್ತದೆ, ತೊಂದರೆಯಿಲ್ಲ. ಅದೇ ನಾಜಲನ್ನು 6 ಇಂಚು ಕೆಳಗಿಟ್ಟರೆ 170 ಲೀಟರ್! ಖಾಲಿ ಜಾಗ 127 ಲೀಟರ್, ಮಿಕ್ಕಿದ್ದು ಹಾಲ್‌ನ ನೆಲಕ್ಕೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿದ್ದೇನೆ ಎಂದು ನಿಶ್ಚಿಂತೆಯಾಗಿರಬೇಡಿ. ಉಪ್ಪು, ಪಾಚಿ ಕೂತು ಒಂದು ದಿನ ಅದು ಪೂರ್ತಿ ಮುಚ್ಚುವುದಿಲ್ಲ. ಉಪ್ಪು ಹಾಕುವ ಮೊದಲೇ ಬರೀ ನೀರು ತುಂಬಿಸಿ ಪಂಪ್ ಓಡಿಸಿ, ಸ್ವಿಚ್ ಆರಿಸಿ ನೋಡಿ. ಉಕ್ಕದಿದ್ದರೆ, ಪಂಪ್ ಓಡುವಾಗಿನ ಮಟ್ಟಕ್ಕೆ ಸಂಪ್‌ನ ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಮುಂದೆಂದೂ ಅದನ್ನು ದಾಟಿ ತುಂಬಿಸಬೇಡಿ.

ಇಳಿಯುವ ಪೈಪು ಎರಡು ಇರಲೇಬೇಕು, ಒಂದೂವರೆ ಇಂಚಿನವು: ಒಂದು ಪೂರ್ತಿ ನೀರು ತುಂಬಿ ಹರಿಯುವುದು, ಇನ್ನೊಂದು ಅದು ಕಟ್ಟಿಕೊಂಡಾಗ ಆಪತ್ತಿಗೆ. ಮೊದಲನೆಯದಕ್ಕೆ ಗೇಟ್ ವಾಲ್ವ್ ಹಾಕಿದರೆ ಹರಿವನ್ನು ನವಿರಾಗಿ ಹೊಂದಿಸಬಹುದು, ಗುಳುಗುಳು ಸದ್ದೂ ನಿಲ್ಲುತ್ತದೆ. ಆದರೆ ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ವಾಲ್ವ್ ಮಾತ್ರ ಬೇಡ. ಅದರ ತಾಮ್ರ ಬಿಟ್ಟುಕೊಂಡರೆ ಮುಂದೆ ಸೀಗಡಿ, ಬಸವನಹುಳು ಬಿಟ್ಟರೆ ಉಳಿಯುವುದಿಲ್ಲ. ಪಿವಿಸಿಯದೇ ಹುಡುಕಿ.

ರಿಟರ್ನ್ ಪಂಪ್: ಗಂಟೆಗೆ ಟ್ಯಾಂಕಿನ 4 ಪಟ್ಟು, ಅಂದರೆ 2700 ಲೀಟರ್ ಮೇಲಕ್ಕೆ ತಲುಪಿದರೆ ಸಾಕು. ಡಬ್ಬಿಯ ಮೇಲಿನ ಅಂಕಿ ಎತ್ತರವಿಲ್ಲದಾಗಿನದು. ಒಂದೂವರೆ ಮೀಟರ್ ಏರಿಸುವಾಗ ಎಷ್ಟು ಬರುತ್ತದೆಂದು ಪಂಪಿನ ಗ್ರಾಫ್ ನೋಡಿ ಕೊಳ್ಳಿ.

ಸ್ಕಿಮ್ಮರ್ 1200ರಿಂದ 1500 ಲೀಟರ್‌ಗೆಂದು ಬರೆದಿರುವುದು ಇರಲಿ, ಆ ಅಂಕಿಗಳು ಸಾಮಾನ್ಯವಾಗಿ ಉದಾರವಾಗಿರುತ್ತವೆ. ಅದನ್ನು ಸಂಪ್‌ನೊಳಗೆ ತಡೆಗಾಜಿನಿಂದ ಮಟ್ಟ ಸ್ಥಿರವಾಗಿರುವ ಕೋಣೆಯಲ್ಲೇ ಕೂರಿಸಿ. ಆವಿಯಾಗಿ ಮಟ್ಟ ಏರಿಳಿಯುವುದು ಕೊನೆಯ, ಪಂಪಿನ ಕೋಣೆಯಲ್ಲಿ. ಆವಿಯಾದಷ್ಟು ನೀರನ್ನು ತಾನೇ ತುಂಬಿಸುವ ಆಟೋ ಟಾಪ್-ಅಪ್‌ನ ಸೆನ್ಸರ್ ಅಲ್ಲಿಗೆ, ಮತ್ತು ತುಂಬಿಸಬೇಕಾದದ್ದು ಸಿಹಿನೀರು. ಉಪ್ಪು ಆವಿಯಾಗುವುದಿಲ್ಲವಲ್ಲ. ಕರೆಂಟ್ ಮರಳಿದ ಕೂಡಲೇ ಸ್ಕಿಮ್ಮರ್ ಶುರುವಾದರೆ, ಏರಿದ ನೀರಿನಲ್ಲಿ ಅದರ ಕಪ್ ಉಕ್ಕುತ್ತದೆ. ಟೈಮರ್ ಹಾಕಿ 10 ನಿಮಿಷ ತಡವಾಗಿ ಓಡಿಸಿ. ಫಿಲ್ಟರ್ ಸಾಕ್ಸ್ (ಇಳಿಯುವ ನೀರನ್ನು ಸೋಸುವ ಬಟ್ಟೆಚೀಲ) ಬಳಸುವುದಾದರೆ 3-4 ದಿನಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಅದೂ ಕ್ಯಾನಿಸ್ಟರ್ ಕಥೆಯೇ.

ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾಗೆ 40 ಕಿಲೊ ಒಣ ರಂಧ್ರಶಿಲೆ ಸಾಕು. ನೇತ್ರಾಣಿ ಕಡೆಯಿಂದ ಯಾರೋ ಹವಳದ ಕಲ್ಲು ತಂದುಕೊಡುತ್ತೇನೆ ಎಂದರೆ ಒಪ್ಪಬೇಡಿ, ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಉಪ್ಪುನೀರು ಸಿದ್ಧವಾದ ಮೇಲೆ ಅದಕ್ಕೆ ಅಮೋನಿಯಾ 2 ಪಿಪಿಎಂ (ಲೀಟರ್‌ಗೆ 2 ಮಿಲಿಗ್ರಾಂ) ಹಾಕಿ, ಒಂದು ದಿನದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಮೀನು ಬಿಡಬೇಡಿ. 4ರಿಂದ 6 ವಾರ ಹಿಡಿಯುತ್ತದೆ.

ಬೋರ್‌ವೆಲ್ ನೀರನ್ನು ನೇರವಾಗಿ ಬಳಸಲೇಬೇಡಿ. ಅಡುಗೆಮನೆಯ ಆರ್‌ಓ ಕೂಡ ಹೆಚ್ಚಾಗಿ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಕಂಟ್ರೋಲರ್ ಮೂಲಕ ಒಂದಿಷ್ಟು ಹಸಿ ನೀರನ್ನೇ ಬೆರೆಸುತ್ತದೆ. ಅದನ್ನು ಮುಚ್ಚಿ, ಕೊನೆಗೆ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಸೇರಿಸಿ, ಟಿಡಿಎಸ್ ಮೀಟರ್ 0 ತೋರಿಸಬೇಕು. ನಂತರ ಒಟ್ಟು ಸುಮಾರು 750 ಲೀಟರ್‌ಗೆ 27-28 ಕಿಲೊ ಸಮುದ್ರದ ಉಪ್ಪಿನ ಮಿಶ್ರಣ ಬೇಕು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಸಾಪೇಕ್ಷ ಸಾಂದ್ರತೆ 1.025.

ಇನ್ವರ್ಟರ್‌ಗೆ ಮೊದಲು ರಿಟರ್ನ್ ಪಂಪ್ ಅಲ್ಲ, ಟ್ಯಾಂಕಿನೊಳಗೆ ನೀರನ್ನು ಕಲಕುವ ಚಿಕ್ಕ ಪಂಪಾದ ವೇವ್‌ಮೇಕರ್ ಸೇರಿಸಿ. ಕಡಿಮೆ ವ್ಯಾಟ್‌ನಲ್ಲಿ ಮೇಲ್ಮೈ ಕಲಕುತ್ತದೆ, ಮೀನಿಗೆ ಬೇಕಾದ ಆಮ್ಲಜನಕ ಅಲ್ಲಿಂದಲೇ.

ಸಂಪ್ ಆರ್ಡರ್ ಕೊಡುವ ಮುನ್ನ ಸ್ಟ್ಯಾಂಡಿನ ಬಾಗಿಲು ಅಳೆಯಿರಿ: 4 ಅಡಿಯ ಗಾಜು ಒಳಗೆ ಹೋಗಬೇಕು, ಸ್ಕಿಮ್ಮರ್‌ನ ಕಪ್ ಅನ್ನು ಮೇಲೆತ್ತಿ ತೆಗೆಯಲು ಅದರ ಮೇಲೆ 6 ಇಂಚಾದರೂ ಜಾಗ ಉಳಿಯಬೇಕು.