‘ಫಿಸ್ಕಲ್ ಡೆಫಿಸಿಟ್’ ಅಂತ ಬರೆದರೆ ತಪ್ಪೇನು?

ಪ್ರಶ್ನೆ: ನಾನು ಧಾರವಾಡದವನು. ಎರಡು ವರ್ಷದಿಂದ ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ಅನುವಾದ ಮಾಡುತ್ತಿದ್ದೇನೆ. ಇಷ್ಟು ದಿನ ಮೆಷಿನ್ ಕೈಪಿಡಿ, ಔಷಧದ ಚೀಟಿ ಇಂಥವೇ ಬರುತ್ತಿದ್ದವು. ಈಗ ಸ್ಪೇನಿನ ಪ್ರಾದೇಶಿಕ ರಾಜಕೀಯ ಮತ್ತು ಆರ್ಥಿಕ ಬದಲಾವಣೆ ಬಗ್ಗೆ ನಲವತ್ತು ಪುಟದ ವರದಿ ಬಂದಿದೆ. ‘ದೆಫಿಸಿತ್ ಫಿಸ್ಕಾಲ್’ಗೆ ಫಿಸ್ಕಲ್ ಡೆಫಿಸಿಟ್, ‘ಕೂಪೊ’ಗೆ ಕೋಟಾ, ‘ರೆಕೊನ್ಬೆರ್ಸಿಯೋನ್’ಗೆ ರೀಕನ್ವರ್ಷನ್ ಅಂತ ಬರೆದು ಕಳಿಸಿದೆ. ಎಡಿಟರ್ ಮೂರಕ್ಕೂ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ್ದಾರೆ. ಕಾರಣ ಬರೆದಿಲ್ಲ. ಡಿಕ್ಷನರಿಯಲ್ಲಿ ಇರುವುದೇ ಹಾಗೆ ಅಲ್ವಾ ಮೇಡಂ?

ಉತ್ತರ: ಡಿಕ್ಷನರಿಯಲ್ಲಿ ಹಾಗೇ ಇದೆ, ನಿಜ. ಎಡಿಟರ್ ಗೆರೆ ಎಳೆದಿದ್ದೂ ಸರಿ. ಈ ಪದಗಳಿಗೆ ಊರು ಇದೆ, ಇಸವಿ ಇದೆ. ಯಾರು, ಎಲ್ಲಿ ನಿಂತು, ಯಾವ ಕಾಲದಲ್ಲಿ ಹೇಳಿದರು ಅಂತ ನೋಡದೆ ಇಂಗ್ಲಿಷ್ ಪದ ಹುಡುಕಲು ಹೋದರೆ ಹೀಗೇ ಆಗುವುದು.

ದೆಫಿಸಿತ್ ಫಿಸ್ಕಾಲ್‌ನಿಂದಲೇ ಶುರು ಮಾಡೋಣ. ಮೂರರಲ್ಲಿ ಅಪಾಯ ಜಾಸ್ತಿ ಇರುವುದು ಇದರಲ್ಲೇ, ಯಾಕೆಂದರೆ ತಪ್ಪಾಗಿದೆ ಅಂತ ಓದುವವರಿಗೆ ಗೊತ್ತೇ ಆಗುವುದಿಲ್ಲ. ವಾಕ್ಯ ನೀಟಾಗಿ ಕಾಣುತ್ತದೆ. ನಮಗೆ ಫಿಸ್ಕಲ್ ಡೆಫಿಸಿಟ್ ಅಂದರೆ ಬಜೆಟ್ ದಿನ ಟೀವಿಯಲ್ಲಿ ಕೇಳುವ ವಿತ್ತೀಯ ಕೊರತೆ. ಸರ್ಕಾರದ ಖರ್ಚು ಜಾಸ್ತಿ, ಆದಾಯ ಕಡಿಮೆ, ಉಳಿದದ್ದಕ್ಕೆ ಸಾಲ. ಸ್ಪೇನಿನ ಕತಲೋನಿಯಾ ಪ್ರದೇಶದ ರಾಜಕಾರಣಿ ಅದೇ ಪದ ಬಳಸಿದರೆ ಮಾತು ಬೇರೆ: ಕತಲೋನಿಯಾದ ಜನ ಕೇಂದ್ರಕ್ಕೆ ಕಟ್ಟಿದ ತೆರಿಗೆ ಎಷ್ಟು, ಕೇಂದ್ರ ಅಲ್ಲಿ ವಾಪಸ್ ಖರ್ಚು ಮಾಡಿದ್ದು ಎಷ್ಟು, ಆ ಎರಡರ ನಡುವಿನ ವ್ಯತ್ಯಾಸ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ಗೆ ಹೋಗಿ ‘ನಮ್ಮ ತೆರಿಗೆ ನಮ್ಮ ಹಕ್ಕು’ ಅಂದಿದ್ದು ನೆನಪಿದೆಯಲ್ಲ, ಆ ಧಾಟಿಯ ಲೆಕ್ಕ ಇದು. ಇದನ್ನು ಫಿಸ್ಕಲ್ ಡೆಫಿಸಿಟ್ ಅಂತ ಬರೆದರೆ ಲಂಡನ್ನಿನ ಓದುಗ ಕತಲೋನಿಯಾ ಸರ್ಕಾರ ದುಂದು ಮಾಡಿ ಸಾಲಕ್ಕೆ ಬಿದ್ದಿದೆ ಅಂದುಕೊಳ್ಳುತ್ತಾನೆ. ಮೂಲದಲ್ಲಿ ಹೇಳಿದ್ದಕ್ಕೆ ಹೆಚ್ಚುಕಡಿಮೆ ಉಲ್ಟಾ.

ಹಾಗಾದರೆ ಏನು ಬರೆಯಬೇಕು? ವರದಿಯ ಲೇಖಕರು ತಮ್ಮ ಮಾತಿನಲ್ಲಿ ಹೇಳುತ್ತಿದ್ದರೆ ‘ಫಿಸ್ಕಲ್ ಇಂಬ್ಯಾಲೆನ್ಸ್ ವಿತ್ ದಿ ಸೆಂಟ್ರಲ್ ಗವರ್ನಮೆಂಟ್’ ಅಂತ ಬರೆಯಿರಿ, ಅದು ಯಾರ ಪರವೂ ಅಲ್ಲ. ಕತಲಾನ್ ಪಕ್ಷದವರ ಮಾತನ್ನೇ ಉದ್ಧರಿಸಿದ್ದರೆ ಅವರ ಪದ ಉಳಿಸಿ, ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಿ. ಅವರ ಪದವನ್ನು ನೀವು ಸಪ್ಪೆ ಮಾಡುವ ಹಾಗಿಲ್ಲ. ಇನ್ನೊಂದು ವಿಷಯ. ಈ ಲೆಕ್ಕ ಹಾಕಲು ಎರಡು ದಾರಿ ಇವೆ. ದುಡ್ಡು ಎಲ್ಲಿ ಖರ್ಚಾಯಿತು ಅಂತ ನೋಡುವುದು ಒಂದು, ಅದರ ಲಾಭ ಯಾರಿಗೆ ಸಿಕ್ಕಿತು ಅಂತ ನೋಡುವುದು ಇನ್ನೊಂದು. ಮ್ಯಾಡ್ರಿಡ್‌ನಲ್ಲಿ ಕೂತ ರಕ್ಷಣಾ ಇಲಾಖೆಯ ಖರ್ಚು ಮ್ಯಾಡ್ರಿಡ್ಡಿನದೋ, ದೇಶಕ್ಕೆಲ್ಲ ಸೇರಿದ್ದೋ? ಉತ್ತರ ಬದಲಾದರೆ ಮೊತ್ತವೂ ಬದಲಾಗುತ್ತದೆ. ವರದಿಯಲ್ಲಿ ‘ಫ್ಲೂಹೊ ಮೊನೆತಾರಿಯೊ’ (ಮೊದಲ ದಾರಿ) ಅಥವಾ ‘ಕಾರ್ಗಾ ಬೆನೆಫಿಸಿಯೊ’ (ಎರಡನೆಯದು) ಅಂತ ಕಂಡರೆ ಹಾರಿಸಿಬಿಡಬೇಡಿ, ಜಗಳ ಇರುವುದೇ ಅಲ್ಲಿ.

ಹಾಗಂತ ಎಲ್ಲ ಕಡೆ ಈ ಸೂತ್ರ ಹಾಕಬೇಡಿ. ಅರ್ಜೆಂಟೀನಾದ ಪತ್ರಿಕೆಯಲ್ಲಿ ಬರುವ ದೆಫಿಸಿತ್ ಫಿಸ್ಕಾಲ್ ನಮ್ಮ ವಿತ್ತೀಯ ಕೊರತೆಯೇ. ಸ್ಪೇನಿನಲ್ಲಿ ಅದಕ್ಕೆ ಸಾಮಾನ್ಯವಾಗಿ ‘ದೆಫಿಸಿತ್ ಪೂಬ್ಲಿಕೊ’ ಅನ್ನುತ್ತಾರೆ.

ಈಗ ಕೂಪೊ. ಕೋಟಾ ಅಂತ ಬರೆದ ಇಂಗ್ಲಿಷ್ ಬರಹಗಳೂ ಇವೆ, ಪೂರ್ತಿ ತಪ್ಪು ಅಂತ ಹೇಳಲ್ಲ. ಆದರೆ ಕೋಟಾ ಅಂದರೆ ನಮಗೆ ಬರಬೇಕಾದ ಪಾಲು ಅಂತ ಅನಿಸುತ್ತೆ, ಸೀಟು ಹಂಚಿದ ಹಾಗೆ. ಇದು ಕೊಡುವ ದುಡ್ಡು. ಸ್ಪೇನಿನ ಹೆಚ್ಚಿನ ಕಡೆ ಮುಖ್ಯ ತೆರಿಗೆಗಳನ್ನು ಕೇಂದ್ರ ವಸೂಲಿ ಮಾಡಿ ಆಮೇಲೆ ಹಂಚುತ್ತದೆ. ಬಾಸ್ಕ್ ಪ್ರದೇಶದಲ್ಲಿ ತಲೆಕೆಳಗು. ಅಲ್ಲಿನ ಮೂರು ಪ್ರಾಂತ್ಯಗಳ ಖಜಾನೆಗಳೇ ತೆರಿಗೆ ಎತ್ತಿ, ಸೈನ್ಯ, ವಿದೇಶಾಂಗ ಇಂಥ ಕೇಂದ್ರದ ಕೆಲಸಗಳ ಖರ್ಚಿನಲ್ಲಿ ತಮ್ಮ ಪಾಲು ಅಂತ ಬಾಸ್ಕ್ ಸರ್ಕಾರದ ಮೂಲಕ ಮ್ಯಾಡ್ರಿಡ್‌ಗೆ ಕಳಿಸುತ್ತವೆ. ಆ ಪಾಲು 6.24 ಶೇಕಡಾ. 1981ರಲ್ಲಿ ಇಟ್ಟ ಅಂಕಿ, ಇವತ್ತಿಗೂ ಅದೇ. ಹಾಗಾಗಿ ಮೊದಲ ಸಲ ಕೂಪೊ ಅಂತಲೇ ಬರೆದು ‘ಬಾಸ್ಕ್ ಸರ್ಕಾರ ಪ್ರತಿ ವರ್ಷ ಕೇಂದ್ರಕ್ಕೆ ಕೊಡುವ ಹಣ’ ಅಂತ ಇಂಗ್ಲಿಷ್‌ನಲ್ಲಿ ಬಿಡಿಸಿ ಹೇಳಿ. ಆಮೇಲೆ ಕೂಪೊ ಅಂತ ಮಾತ್ರ ಬರೆದರೂ ನಡೆಯುತ್ತದೆ. ಈ ಏರ್ಪಾಡಿನ ಹೆಸರು ‘ಕೊನ್ಸಿಯೆರ್ತೊ ಎಕೊನೊಮಿಕೊ’, 1878ರಷ್ಟು ಹಳೆಯದು. ಅದು ‘ಎಕನಾಮಿಕ್ ಅಗ್ರಿಮೆಂಟ್’. ದಯವಿಟ್ಟು ಕನ್ಸರ್ಟ್ ಅನ್ನಬೇಡಿ, ಸಂಗೀತ ಕಛೇರಿ ಆಗಿಬಿಡುತ್ತದೆ! ಅಲ್ಲೇ ಬರುವ ‘ಆಸಿಯೆಂದಾ’ ಕೂಡ ಸಿನಿಮಾದಲ್ಲಿ ನೋಡಿದ ಜಮೀನ್ದಾರನ ಬಂಗಲೆ ಅಲ್ಲ, ತೆರಿಗೆ ಖಜಾನೆ.

ಮೂರನೆಯದು ರೆಕೊನ್ಬೆರ್ಸಿಯೋನ್ ಇಂದುಸ್ತ್ರಿಯಾಲ್. ಇಂಗ್ಲಿಷ್‌ನಲ್ಲಿ ರೀಕನ್ವರ್ಷನ್ ಪದ ಇದೆ, ಆದರೆ ಇತಿಹಾಸ ಓದಿದ ಅಮೆರಿಕನ್‌ಗೆ ಅದು ಎರಡನೇ ಮಹಾಯುದ್ಧ ಮುಗಿದಾಗ ಟ್ಯಾಂಕ್ ಮಾಡುತ್ತಿದ್ದ ಕಾರ್ಖಾನೆಗಳು ಮತ್ತೆ ಕಾರು ಮಾಡಲು ತಿರುಗಿದ ಕತೆ. ಸ್ಪೇನಿನದು 1980ರ ದಶಕದ್ದು. ಯುರೋಪಿಯನ್ ಸಮುದಾಯಕ್ಕೆ 1986ರಲ್ಲಿ ಸೇರುವ ಮೊದಲೇ ಫೆಲಿಪೆ ಗೊನ್ಸಾಲೆಸ್ ಸರ್ಕಾರ ಉಕ್ಕು, ಹಡಗು ಕಟ್ಟುವ ಯಾರ್ಡು, ಜವಳಿ ಇವನ್ನೆಲ್ಲ ಸಣ್ಣದು ಮಾಡಲು ಹೊರಟಿತು. ವಲೆನ್ಸಿಯಾ ಹತ್ತಿರದ ಸಗುಂತೊದಲ್ಲಿ ಊರಿಗೆ ಊರೇ ಬೀದಿಗಿಳಿದರೂ 1984ರಲ್ಲಿ ಉಕ್ಕಿನ ಕುಲುಮೆ ಆರಿತು. ಸರ್ಕಾರಿ ಕಡತದಲ್ಲಿ ಇದು ‘ಮರುಪರಿವರ್ತನೆ’. ಕೆಲಸ ಕಳೆದುಕೊಂಡವನ ಬಾಯಲ್ಲಿ ಬಾಗಿಲು ಹಾಕಿದ್ದು. ನಾನು ಸಾಮಾನ್ಯವಾಗಿ ‘ಇಂಡಸ್ಟ್ರಿಯಲ್ ರೀಸ್ಟ್ರಕ್ಚರಿಂಗ್’ ಅಂತ ಬರೆಯುತ್ತೇನೆ. ಅದೂ ಇಂಗ್ಲಿಷ್‌ನಲ್ಲಿ ಅಷ್ಟೇ ನುಣುಪಾದ ಪದ. ಮೂಲದವರು ನುಣುಪಾಗಿ ಹೇಳಿದ್ದನ್ನು ನಾವು ‘ಕ್ಲೋಷರ್’ ಅಂತ ಒರಟು ಮಾಡುವುದೂ ತಪ್ಪೇ, ಮೂಲವೇ ಒರಟಾಗಿದ್ದರೆ ಮಾತು ಬೇರೆ.

ನೀವು ಕೇಳದೇ ಇದ್ದರೂ ನಲವತ್ತು ಪುಟದಲ್ಲಿ ಬಂದೇ ಬರುವ ಇನ್ನು ಕೆಲವು ಹೇಳಿಬಿಡುತ್ತೇನೆ.

‘ಕೊಂಪೆತೆನ್ಸಿಯಾಸ್’ ಅಂದರೆ ಇಂಥ ವರದಿಯಲ್ಲಿ ಅಧಿಕಾರ ವ್ಯಾಪ್ತಿ, ಇಂಗ್ಲಿಷ್‌ಗೆ ‘ಪವರ್ಸ್’. ಸ್ಪರ್ಧೆಯೂ ಅಲ್ಲ, ಸಾಮರ್ಥ್ಯವೂ ಅಲ್ಲ. ‘ಎಸ್ತಾದೊ’ ನಮ್ಮ ಕಣ್ಣಿಗೆ ಸ್ಟೇಟ್ ಅಂತ ಕಂಡ ಕೂಡಲೇ ಕರ್ನಾಟಕ, ಕೇರಳ ನೆನಪಾಗುತ್ತವೆ. ಸ್ಪೇನಿನ ಬರಹದಲ್ಲಿ ಅದು ಇಡೀ ದೇಶದ ಆಡಳಿತ, ಎಷ್ಟೋ ಸಲ ಸೀದಾ ಕೇಂದ್ರ ಸರ್ಕಾರ. ನಮ್ಮ ರಾಜ್ಯಗಳಿಗೆ ಹತ್ತಿರ ಬರುವವು ಅಲ್ಲಿನ 17 ‘ಕೊಮುನಿದಾದ್ ಔತೊನೊಮಾ’ಗಳು. ಇಂಗ್ಲಿಷ್ ಪತ್ರಿಕೆಗಳು ಇವನ್ನು ಸುಮ್ನೆ ರೀಜನ್ ಅಂದುಬಿಡುತ್ತವೆ. ಮೂರ್ಸಿಯಾ ಬಗ್ಗೆ ಬರೆಯುವಾಗ ಯಾರಿಗೂ ಬೇಜಾರಿಲ್ಲ. ಬಾಸ್ಕ್, ಕತಲಾನ್ ಓದುಗರಲ್ಲಿ ಹಲವರಿಗೆ ಅದು ಚುಚ್ಚುತ್ತದೆ, ಯಾಕೆಂದರೆ 1978ರ ಸಂವಿಧಾನದ ಎರಡನೇ ವಿಧಿಯಲ್ಲೇ ‘ನಾಸಿಯೊನಲಿದಾದೆಸ್’ (ರಾಷ್ಟ್ರೀಯತೆಗಳು) ಮತ್ತು ‘ರೆಹಿಯೋನೆಸ್’ (ಪ್ರದೇಶಗಳು) ಅಂತ ಎರಡು ಬೇರೆ ಪದ ಇವೆ. ಯಾವುದು ಯಾವುದಕ್ಕೆ ಅಂತ ಮಾತ್ರ ಅಲ್ಲಿ ಪಟ್ಟಿ ಕೊಟ್ಟಿಲ್ಲ. ಜಾಣತನ ಅನ್ನಿ, ರಾಜಿ ಅನ್ನಿ. ಆಗಲೇ ಹುಟ್ಟಿದ ಮಾತು ‘ಕಫೆ ಪಾರಾ ತೊದೊಸ್’, ಎಲ್ಲರಿಗೂ ಕಾಫಿ. ಬಾಸ್ಕ್, ಕತಲಾನ್‌ರಂಥ ಕೆಲವರು ಮಾತ್ರ ಕೇಳಿದ ಸ್ವಾಯತ್ತೆಯನ್ನು ಕೇಳಿದವರಿಗೂ ಕೇಳದವರಿಗೂ ಬಡಿಸಿದ್ದು ಅಂತ ಅರ್ಥ. ಆಗ ಪ್ರದೇಶಗಳ ಮಂತ್ರಿಯಾಗಿದ್ದ ಮನುಎಲ್ ಕ್ಲಾವೆರೊ ಹೆಸರಿಗೆ ಈ ಮಾತು ಅಂಟಿಕೊಂಡಿದೆ. ಕಾಫಿಯನ್ನು ಇಂಗ್ಲಿಷ್‌ನಲ್ಲೂ ಉಳಿಸಿ, ಚೆನ್ನಾಗಿರುತ್ತೆ.

‘ಎಸ್ಪಾನ್ಯಾ ಬಾಸಿಯಾದಾ’ ಅಂತ ಬಂದರೆ ನಿಧಾನಿಸಿ. ಪುಣ್ಯಕ್ಕೆ ಸ್ಪ್ಯಾನಿಷ್‌ನಲ್ಲಿ ವಿ ಅಕ್ಷರವನ್ನು ಬ ಅಂತ ಹೇಳುತ್ತಾರೆ, ಇಲ್ಲದಿದ್ದರೆ ನಾವು ಕನ್ನಡದವರು ‘ವಾಸಿಯಾದ ಸ್ಪೇನ್’ ಅಂತ ಓದಿಕೊಳ್ಳುತ್ತಿದ್ದೆವು. ‘ಬಾಸಿಯಾ’ ಅಂದರೆ ಖಾಲಿ. ‘ಬಾಸಿಯಾದಾ’ ಅಂದರೆ ಖಾಲಿ ಮಾಡಿಸಿದ್ದು. ರೈಲು ನಿಲ್ಲಿಸಿ, ಶಾಲೆ ಮುಚ್ಚಿ, ಡಾಕ್ಟರನ್ನು ಕಳಿಸದೆ ಜನ ಎದ್ದು ಹೋಗುವ ಹಾಗೆ ಮಾಡಿದರು ಅನ್ನುವ ದೂರು ಆ ಒಂದು ಪ್ರತ್ಯಯದಲ್ಲಿದೆ. 2019ರ ಮಾರ್ಚ್ 31ರಂದು ಸೋರಿಯಾ, ತೆರುಎಲ್ ಕಡೆಯ ಜನ ಮ್ಯಾಡ್ರಿಡ್‌ಗೆ ಬಂದು ಮೆರವಣಿಗೆ ಮಾಡಿದ್ದು ಇದೇ ಪದ ಹಿಡಿದು. ಅದೇ ವರ್ಷ ನವೆಂಬರ್ ಚುನಾವಣೆಯಲ್ಲಿ ‘ತೆರುಎಲ್ ಎಕ್ಸಿಸ್ತೆ’ ಅನ್ನುವ ಅಲ್ಲಿನ ಸಂಘಟನೆ ಸಂಸತ್ತಿನ ಕೆಳಮನೆಯಲ್ಲಿ ಒಂದು ಸೀಟು ಗೆದ್ದಿತು. 2020ರ ಜನವರಿಯಲ್ಲಿ ಪೆದ್ರೊ ಸಾಂಚೆಸ್ ಮತ್ತೆ ಪ್ರಧಾನಿಯಾಗಿದ್ದು 167ಕ್ಕೆ 165 ಮತಗಳಿಂದ, ಆ 167ರಲ್ಲಿ ಈ ಒಂದು ಮತವೂ ಇತ್ತು. ‘ಎಂಪ್ಟಿ ಸ್ಪೇನ್’ ಅಂತ ಬರೆದರೆ ದೂರೇ ಮಾಯ. ‘ಎಂಪ್ಟೀಡ್’ ಅಥವಾ ‘ಹಾಲೋಡ್ ಔಟ್’ ಇರಲಿ.

‘ದೆಸಾರ್ರೊಯೀಸ್ಮೊ’ ಕೂಡ ಹಡಗು ಹತ್ತಿದರೆ ಬದಲಾಗುವ ಪದ. ಲ್ಯಾಟಿನ್ ಅಮೆರಿಕದಲ್ಲಿ ಅದು ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಶ್ ಕಾಲದ ಗಂಭೀರ ಸಿದ್ಧಾಂತ, ‘ಡೆವಲಪ್‌ಮೆಂಟಲಿಸಂ’ ಅಂದರೆ ಸಾಕು. ಸ್ಪೇನಿನಲ್ಲಿ 1959ರ ಸ್ಥಿರೀಕರಣ ಯೋಜನೆಯ ನಂತರದ, ಸರ್ವಾಧಿಕಾರಿ ಫ್ರಾಂಕೊ ಕಾಲದ ಅಭಿವೃದ್ಧಿಯ ಓಟ, ಕರಾವಳಿ ತುಂಬ ಕಾಂಕ್ರೀಟ್. ಅಲ್ಲಿ ಸ್ವಲ್ಪ ಬೈಗುಳ ಬೆರೆತಿದೆ.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಶುರುವಿನಲ್ಲಿ ನಾನು ಸ್ಪೇನಿನ ಬರಹಗಳನ್ನೇ ಓದಿ ಬೆಳೆದವಳು, ‘ಪಾರೊ’ ಅಂದರೆ ನಿರುದ್ಯೋಗ ಅಂತ ತಲೆಯಲ್ಲಿ ಕೂತಿತ್ತು. ಕೊಲಂಬಿಯಾದ ರೈತರ ಬಗ್ಗೆ ಒಂದು ಲೇಖನ ಬಂತು. ರಾತ್ರಿ ಹನ್ನೊಂದಕ್ಕೆ ಮುಗಿಸಿ ಕಳಿಸಿದೆ. ಬೆಳಗ್ಗೆ ತೆಗೆದು ನೋಡಿದರೆ ‘ನಿರುದ್ಯೋಗವು ಹೆದ್ದಾರಿಗೆ ಅಡ್ಡವಾಗಿ ಮಲಗಿತು’ ಅಂತ ಇಂಗ್ಲಿಷ್‌ನಲ್ಲಿ ಬರೆದಿದ್ದೆ. ಕೊಲಂಬಿಯಾದಲ್ಲಿ ಪಾರೊ ಅಂದರೆ ಮುಷ್ಕರ. ‘ಪಾರೊ ಸೀಬಿಕೊ’ ಅಂದರೆ ಅಂಗಡಿ, ಬಸ್ಸು ಎಲ್ಲ ನಿಲ್ಲಿಸುವ ನಮ್ಮ ಬಂದ್.

ಕೊನೆಗೆ ಅಂಕಿ. ಸ್ಪ್ಯಾನಿಷ್‌ನ ‘ಬಿಯೋನ್’ ಇಂಗ್ಲಿಷ್‌ನ ಬಿಲಿಯನ್ ಅಲ್ಲ, ಟ್ರಿಲಿಯನ್. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಇಂಗ್ಲಿಷ್‌ನ ಬಿಲಿಯನ್‌ಗೆ ಅವರು ‘ಮಿಲ್ ಮಿಯೋನೆಸ್’ ಅನ್ನುತ್ತಾರೆ, ಅಂದರೆ ನೂರು ಕೋಟಿ. ಚುಕ್ಕಿ, ಅಲ್ಪವಿರಾಮ ಕೂಡ ಅದಲುಬದಲು. ವರದಿಯಲ್ಲಿ 16.000 ಮಿಯೋನೆಸ್ ಅಂತ ಇದ್ದರೆ ಅದು ಹದಿನಾರು ಮಿಲಿಯನ್ ಅಲ್ಲ, ಹದಿನಾರು ಸಾವಿರ ಮಿಲಿಯನ್. ಎಡಿಟರ್‌ಗೆ ವಾಪಸ್ ಕಳಿಸುವ ಮೊದಲು ಟೇಬಲ್‌ಗಳನ್ನು ಇದೊಂದಕ್ಕೋಸ್ಕರವೇ ಇನ್ನೊಂದು ಸಲ ನೋಡಿ. ಅಲ್ಲಿ ಅವರು ಇನ್ನೂ ಗೆರೆ ಎಳೆದಿಲ್ಲ ಅಂದರೆ ಟೇಬಲ್ ತನಕ ಓದಿಲ್ಲ ಅಂತಲೂ ಇರಬಹುದು.