ಕಾರ್ಣಿಕಕ್ಕೆ ತಾರೀಖು ಇದೆ, ವಾಟ್ಸಾಪ್ ಭವಿಷ್ಯಕ್ಕೆ?

ರಾಣೆಬೆನ್ನೂರಿನ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ತಿರುಳು ಇಷ್ಟು: "ಹಿಂದಿನ ಸಂಚಿಕೆಯಲ್ಲಿ ವಾಟ್ಸಾಪ್ ಭವಿಷ್ಯಗಳನ್ನು ಗೇಲಿ ಮಾಡಿದ್ದೀರಿ. ಆದರೆ ದಸರಾ ಬಂತೆಂದರೆ ದೇವರಗುಡ್ಡದ ಕಾರ್ಣಿಕಕ್ಕೆ ಚೌಕಟ್ಟು ಹಾಕಿ ಅಚ್ಚು ಮಾಡುವವರೂ ನೀವೇ. ಗೊರವಯ್ಯ ಹೇಳಿದರೆ ಸಂಸ್ಕೃತಿ, ಮೊಬೈಲ್ ಹೇಳಿದರೆ ಮೂಢನಂಬಿಕೆ. ಇದ್ಯಾವ ನ್ಯಾಯ? ಅಮೆರಿಕದ ಕಾರ್ಟೂನೊಂದು ಎಲ್ಲವನ್ನೂ ಮೊದಲೇ ಹೇಳಿದೆ ಅಂತ ನನ್ನ ಮೊಮ್ಮಗ ಚಿತ್ರ ಸಮೇತ ತೋರಿಸುತ್ತಾನೆ. ಅವನಿಗೆ ಏನು ಹೇಳಲಿ?"

ಸಂಪಾದಕರ ಉತ್ತರ:

ಮಾಸ್ತರರೇ, ನಮಸ್ಕಾರ. ಕಾರ್ಣಿಕ ಫಲಿಸುತ್ತದೋ ಇಲ್ಲವೋ, ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ನಾವು ಅದನ್ನು ಅಚ್ಚು ಮಾಡುವ ಕಾರಣವೇ ಬೇರೆ.

ದೇವರಗುಡ್ಡ ನಿಮ್ಮ ಪಕ್ಕದ್ದೇ, ನಿಮಗೆ ಹೇಳಬೇಕಾಗಿಲ್ಲ. ನೋಡದವರಿಗಾಗಿ ಹೇಳುತ್ತೇನೆ. ಮೈಲಾರಲಿಂಗನ ಭಕ್ತ ಗೊರವಯ್ಯ ವರ್ಷಕ್ಕೊಮ್ಮೆ ನುಡಿಯುವ ಒಂದು ಸಾಲಿನ ಭವಿಷ್ಯವೇ ಕಾರ್ಣಿಕ. ಗೊರವಯ್ಯ ಎತ್ತರದ ಬಿಲ್ಲನ್ನು ಸರಸರ ಏರುತ್ತಾರೆ. ಕೆಳಗೆ ಡಮರುಗ, ಭಂಡಾರ, ಜನರ ಗದ್ದಲ. ಮೇಲಿನಿಂದ ಒಂದು ಕೂಗು: "ಸದ್ದಲೇ!" ಅಷ್ಟೂ ಜನ ಗಪ್‌ಚುಪ್. ಆಮೇಲೆ ಒಂದೇ ಒಂದು ಸಾಲು, ಕೊನೆಗೆ "ಪರಾಕ್". ಹೇಳಿದ್ದೇ ತಡ ಅವರು ಮೇಲಿನಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅಷ್ಟರಲ್ಲಿ ಸಾವಿರಾರು ಜನ ಅದನ್ನು ಕೇಳಿಯಾಗಿರುತ್ತದೆ, ಮೊಬೈಲುಗಳಲ್ಲಿ ರೆಕಾರ್ಡ್ ಆಗಿರುತ್ತದೆ. ಮರುದಿನ ಪೇಪರಿನಲ್ಲೂ ಬರುತ್ತದೆ. ಇನ್ನು ಯಾರೇ ಬಂದರೂ ಅದರಲ್ಲಿ ಒಂದಕ್ಷರ ತಿದ್ದಲಿಕ್ಕಾಗುವುದಿಲ್ಲ.

ಅರ್ಥ ಹೇಳುವುದು ಮಾತ್ರ ನಮ್ಮ ಕೆಲಸ. ಅದರಲ್ಲಿ ನಮ್ಮ ಜನರನ್ನು ಮೀರಿಸುವವರಿಲ್ಲ ಬಿಡಿ. ತುಂಗಭದ್ರೆಯ ಆಚೆ ದಂಡೆಯ ಮೈಲಾರದಲ್ಲಿ 2023ರ ಫೆಬ್ರುವರಿಯಲ್ಲಿ ನುಡಿದದ್ದು ನೆನಪಿದೆಯಲ್ಲ? "ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್." ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಕಂಬಳಿ ಅಂದರೆ ಯಾರು ಅಂತ ಚಹಾದಂಗಡಿಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಫಲಿತಾಂಶ ಉಲ್ಟಾ ಬಂದಿದ್ದರೆ? ಆಗಲೂ ಇದೇ ಸಾಲು ಸಾಕಾಗುತ್ತಿತ್ತು. ಕಂಬಳಿ ಬೀಸಿ ಹೊರಗೆ ಹಾಕಿದರು ಅನ್ನುತ್ತಿದ್ದರು, ಅಲ್ವಾ? ಎರಡೂ ಆಗದಿದ್ದರೆ ಮಳೆ, ಚಳಿ, ಜೋಳದ ಬೆಳೆ ಇದ್ದೇ ಇದೆ.

ಧಾರವಾಡ ತಾಲೂಕಿನ ಹನುಮನಕೊಪ್ಪದಲ್ಲೂ ಹೀಗೆಯೇ. ಯುಗಾದಿ ಅಮಾವಾಸ್ಯೆಯ ದಿನ ತುಪ್ಪರಿ ಹಳ್ಳದ ದಂಡೆಯಲ್ಲಿ ಮಣ್ಣಿನ ಬೊಂಬೆ ಮಾಡಿಟ್ಟು ಬರುತ್ತಾರೆ. ಪಾಡ್ಯದ ಬೆಳಿಗ್ಗೆ ಹೋಗಿ ಯಾವ ಬೊಂಬೆಗೆ ಏನಾಗಿದೆ ಅಂತ ನೋಡಿ ಮಳೆ, ಬೆಳೆ, ರಾಜಕೀಯ ಹೇಳುತ್ತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಬೊಂಬೆ ನೋಡಿದ್ದು ಯಾವತ್ತು ಅಂತ ಊರಿಗೆಲ್ಲ ಗೊತ್ತಿರುತ್ತದೆ. ಆರು ತಿಂಗಳ ಮೇಲೆ ಯಾರೋ ಹೋಗಿ ಬೊಂಬೆಯ ಕೈ ಮುರಿದು ಬರುವುದಿಲ್ಲ.

ಮೊಬೈಲಿನಲ್ಲಿ ಆಗುವುದು ಅದೇ. ಕೈ ಆಮೇಲೆ ಮುರಿಯುತ್ತಾರೆ.

ನಿಮ್ಮ ಮೊಮ್ಮಗನ ಕಾರ್ಟೂನು ದಿ ಸಿಂಪ್ಸನ್ಸ್ ಇರಬೇಕು. ಟ್ರಂಪ್ ಅಧ್ಯಕ್ಷರಾಗಿದ್ದರು ಅನ್ನುವ ಮಾತು 2000ದ ಮಾರ್ಚ್ ಕಂತಿನಲ್ಲಿ ನಿಜಕ್ಕೂ ಇದೆ. ಆದರೆ ಆ ವರ್ಷದ ಅಧ್ಯಕ್ಷ ಚುನಾವಣೆಗೆ ನಿಲ್ಲುವ ಮಾತನ್ನು ಟ್ರಂಪ್ ಆಗಲೇ ಆಡಿದ್ದರು. ಪೇಪರಿನಲ್ಲಿದ್ದ ಸುದ್ದಿಯ ಮೇಲೆ ಮಾಡಿದ ತಮಾಷೆ ಅದು. ಟ್ರಂಪ್ ಎಸ್ಕಲೇಟರ್ ಮೇಲೆ ಇಳಿದು ಬರುವ ಚಿತ್ರ ಇದೆಯಲ್ಲ, ಜಾಸ್ತಿ ಓಡಾಡುವುದು ಅದೇ. ಅದು 2000ದ್ದಲ್ಲ. ಟ್ರಂಪ್ ನಿಜವಾಗಿ ಇಳಿದು ಬಂದದ್ದು 2015ರ ಜೂನ್‌ನಲ್ಲಿ. ಅದನ್ನು ನೋಡಿ ಮುಂದಿನ ತಿಂಗಳು ಕಾರ್ಟೂನಿನವರು ಬರೆದದ್ದು. ಅದಕ್ಕೆ ಹಳೆಯ ತಾರೀಖು ಅಂಟಿಸಿ ಯಾರೋ ಬಿಟ್ಟರು. ಇಷ್ಟರ ಮೇಲೆ ಆ ಕಾರ್ಟೂನು 1989ರಿಂದ ಬರುತ್ತಿದೆ, 750ಕ್ಕೂ ಹೆಚ್ಚು ಕಂತಾಗಿದೆ. ಅಷ್ಟು ತಮಾಷೆ ಮಾಡಿದವರದ್ದು ಒಂದೆರಡು ನಿಜವಾಗದಿದ್ದರೇ ಆಶ್ಚರ್ಯ.

ಲಾಕ್‌ಡೌನಿನಲ್ಲಿ ಇನ್ನೊಂದು ಬಂದಿತ್ತು. 1981ರ ಇಂಗ್ಲಿಷ್ ಕಾದಂಬರಿಯಲ್ಲೇ ವುಹಾನ್ ವೈರಸ್ ಇತ್ತು ಅಂತ. ಡೀನ್ ಕೂಂಟ್ಜ್ ಬರೆದ ಆ ಕಾದಂಬರಿಯಲ್ಲಿ 'ವುಹಾನ್-400' ಅನ್ನುವ ರೋಗಾಸ್ತ್ರ ಇರುವುದು ನಿಜ. ಆದರೆ ಮೊದಲ ಮುದ್ರಣದಲ್ಲಿ ಅದರ ಹೆಸರು 'ಗೋರ್ಕಿ-400', ಮಾಡಿದವರು ರಷ್ಯದವರು. 1989ರ ಮುದ್ರಣದಲ್ಲಿ ಅದು ಚೀನಾಕ್ಕೆ ಹೋಯಿತು. 2020ರಲ್ಲಿ ನ್ಯುಮೋನಿಯಾದಂಥ ಕಾಯಿಲೆ ಬರುತ್ತದೆ ಅನ್ನುವ ಪುಟವನ್ನೂ ಅದರ ಜೊತೆ ಹಾಕಿದ್ದರು. ಆ ಪುಟ ಆ ಕಾದಂಬರಿಯದ್ದೇ ಅಲ್ಲ, 2008ರ ಬೇರೊಂದು ಪುಸ್ತಕದ್ದು. ಎರಡನ್ನೂ ಸೇರಿಸಿ ಹೊಲಿದವನ ಕೈಚಳಕ ಮೆಚ್ಚಬೇಕು.

ನಾಸ್ಟ್ರಡಾಮಸ್‌ನದಂತೂ ಇನ್ನೂ ಮಜಾ ಇದೆ. ಆತನ ಭವಿಷ್ಯದ ಪದ್ಯಗಳು ಮೊದಲು ಅಚ್ಚಾದದ್ದು 1555ರಲ್ಲಿ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದಾಗ "ಇಬ್ಬರು ಸಹೋದರರು" ಅಂತ ಒಂದು ಪದ್ಯ ಇಮೇಲಿನಲ್ಲಿ ಜಗತ್ತು ಸುತ್ತಿತು. ಅದನ್ನು ಬರೆದದ್ದು 1990ರ ದಶಕದ ಕೆನಡಾದ ಒಬ್ಬ ಕಾಲೇಜು ವಿದ್ಯಾರ್ಥಿ. ಮಸುಕುಮಸುಕಾಗಿ ನಾಲ್ಕು ಸಾಲು ಬರೆದರೆ ಯಾವುದಕ್ಕೆ ಬೇಕಾದರೂ ಹೊಂದುತ್ತದೆ ಅಂತ ತೋರಿಸಲಿಕ್ಕೆ ಸುಮ್ನೆ ಮಾದರಿಗೆ ಬರೆದಿದ್ದ. ಪಾಪ, ಅವನ ವಾದ ಗೆದ್ದಿತು, ಹೆಸರು ನಾಸ್ಟ್ರಡಾಮಸ್‌ಗೆ ಹೋಯಿತು.

ಎಲ್ಲವೂ ಹೀಗೆ ಆಮೇಲೆ ಹೊಲಿದದ್ದೇ ಅಂತ ನಾನು ಹೇಳುತ್ತಿಲ್ಲ. ಜಪಾನಿನ ರ್‍ಯೋ ತತ್ಸುಕಿ ಅನ್ನುವ ಕಾಮಿಕ್ಸ್ ಕಲಾವಿದೆ ತಮ್ಮ ಕನಸುಗಳ ಬಗ್ಗೆ ಒಂದು ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಪುಸ್ತಕ ಮಾಡಿದರು. 1999ರಲ್ಲಿ ಬಂದ ಆ ಪುಸ್ತಕದ ಮುಖಪುಟದಲ್ಲೇ "2011ರ ಮಾರ್ಚ್, ಮಹಾ ವಿಪತ್ತು" ಅನ್ನುವ ಅರ್ಥದ ಸಾಲಿತ್ತು. 2011ರ ಮಾರ್ಚ್ 11ಕ್ಕೆ ಭೂಕಂಪ, ಸುನಾಮಿ ಎರಡೂ ಬಂದವು. ಇಲ್ಲಿ ತಾರೀಖು ಗಟ್ಟಿ ಇದೆ. ತಿದ್ದಿದ್ದು ಅನ್ನಲಿಕ್ಕೆ ಬರುವುದಿಲ್ಲ. ಭೂಕಂಪ ಜಪಾನಿಗೆ ಹೊಸದಲ್ಲ, ಕಾಕತಾಳೀಯ ಅಂತ ನಾನು ಅನ್ನುತ್ತೇನೆ. ನಿಮ್ಮ ಮೊಮ್ಮಗ ಒಪ್ಪದಿದ್ದರೆ ಅವನ ಮೇಲೆ ನನಗೆ ಸಿಟ್ಟಿಲ್ಲ.

ಆದರೆ ಮುಂದಿನದ್ದನ್ನೂ ಅವನು ಕೇಳಬೇಕು. 2021ರ ಹೊಸ ಮುದ್ರಣದಲ್ಲಿ ಇನ್ನೊಂದು ಗಡುವು ಬಂತು: 2025ರ ಜುಲೈ. ಜುಲೈ 5 ಅಂತ ಜನ ಹಿಡಿದುಕೊಂಡರು. ಹಾಂಗ್‌ಕಾಂಗಿನಿಂದ ಜಪಾನಿಗೆ ಹೋಗುವ ಪ್ರಯಾಣಿಕರು ಕಡಿಮೆಯಾಗಿ ವಿಮಾನಯಾನದವರು ಕೆಲವು ವಿಮಾನಗಳನ್ನೇ ರದ್ದು ಮಾಡಿದರು. ಆ ದಿನ ಬಂತು, ಹೋಯಿತು, ಮಹಾ ವಿಪತ್ತು ಬರಲಿಲ್ಲ. ಜುಲೈ 30ಕ್ಕೆ ರಷ್ಯದ ಕಮ್ಚಾಟ್ಕಾದಲ್ಲಿ 8.8 ತೀವ್ರತೆಯ ಭೂಕಂಪವಾಗಿ ಜಪಾನಿನಲ್ಲೂ ಸುನಾಮಿ ಎಚ್ಚರಿಕೆ ಕೊಟ್ಟರು. ತಗೊಳ್ಳಿ, ಶುರುವಾಯಿತು: "ನೋಡಿದ್ರಾ, ತಿಂಗಳು ಸರಿಯಾಗೇ ಇತ್ತು!" ದೇಶ ಬೇರೆ, ದಿನ ಬೇರೆ. ಆದರೂ ಲೆಕ್ಕ ಸರಿ. 2012ರ ಡಿಸೆಂಬರ್ 21ರ ಪ್ರಳಯದ ಸುದ್ದಿ ಈಗ ಯಾರಾದರೂ ಎತ್ತುತ್ತಾರಾ? ತಪ್ಪಿದ್ದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹುಡುಗರು ಇದನ್ನು ನಂಬುವುದಕ್ಕೆ ಕತೆಗಳದ್ದೂ ಪಾಲಿದೆ ಅಂತ ನನ್ನ ಅನುಮಾನ. ಕತೆಯಲ್ಲಿ ಭವಿಷ್ಯವಾಣಿ ತಪ್ಪುವುದೇ ಇಲ್ಲ. ಕಂಸನಿಗೆ ಎಂಟನೆಯ ಮಗು ಅಂದರೆ ಎಂಟನೆಯದೇ. 'ಕಾಂತಾರ'ದಲ್ಲಿ ದೈವ ನುಡಿದ ಸಾವು ಕೋರ್ಟಿನ ಮೆಟ್ಟಿಲ ಮೇಲೇ ಬಂತು, ಥಿಯೇಟರಿನಲ್ಲಿ ನಮ್ಮೆಲ್ಲರ ಮೈ ಜುಮ್ಮೆಂದಿತು. ಅಲ್ಲಿ ಭವಿಷ್ಯ ಬರೆದವರೂ ಅದನ್ನು ಫಲಿಸುವ ಹಾಗೆ ಮಾಡಿದವರೂ ಒಬ್ಬರೇ. 1965ರ ಅಮೆರಿಕನ್ ಕಾದಂಬರಿ 'ಡ್ಯೂನ್' ಇದನ್ನೇ ತಿರುಗಿಸಿ ನೋಡಿತು. ಅದರಲ್ಲಿ ಒಂದು ಪಂಥದವರು ಬೇರೆ ಬೇರೆ ಗ್ರಹಗಳ ಜನರಲ್ಲಿ ಮೊದಲೇ ಭವಿಷ್ಯವಾಣಿ ಬಿತ್ತಿ ಬರುತ್ತಾರೆ, ಮುಂದೆ ತಮ್ಮವರಿಗೆ ಆಸರೆಯಾಗಲಿ ಅಂತ. ಕತೆಯ ನಾಯಕ ಬಂದು ಆ ಬೆಳೆ ಕೊಯ್ಯುತ್ತಾನೆ. ಈಗಿನ ಚುನಾವಣೆಯ ಕಾಲಕ್ಕೆ ಇದು ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ, ಆ ಮಾತು ಇನ್ನೊಮ್ಮೆ.

ಮೊಮ್ಮಗನಿಗೆ ಉಪದೇಶ ಬೇಡ, ಮಾಸ್ತರರೇ. ಮುಂದಿನ ಸಲ ಅವನು ಚಿತ್ರ ತಂದಾಗ ಒಂದೇ ಪ್ರಶ್ನೆ ಕೇಳಿ: "ಇದು ಮೊದಲು ಎಲ್ಲಿ, ಯಾವತ್ತು ಬಂತಪ್ಪಾ?" ಅದೇ ಮೊಬೈಲಿನ ಗೂಗಲ್ ಲೆನ್ಸಿನಲ್ಲಿ ಚಿತ್ರ ಹಾಕಿ ಅವನೇ ಹುಡುಕಲಿ. ಹುಡುಗರಿಗೆ ಪತ್ತೇದಾರಿಕೆ ಹಿಡಿಸುತ್ತದೆ.

ಈ ದಸರೆಗೂ ದೇವರಗುಡ್ಡದ ಕಾರ್ಣಿಕವನ್ನು ಚೌಕಟ್ಟು ಹಾಕಿಯೇ ಅಚ್ಚು ಮಾಡುತ್ತೇವೆ. ಜೊತೆಗೆ ಒಂದು ಹೊಸ ಪದ್ಧತಿ. ಅದರ ಅರ್ಥ ಏನು ಅಂತ ಹೇಳುವವರು ಎಂಟು ದಿನದೊಳಗೆ ಪೋಸ್ಟ್‌ಕಾರ್ಡಿನಲ್ಲಿ ಬರೆದು ನಮ್ಮ ಹುಬ್ಬಳ್ಳಿ ಕಚೇರಿಗೆ ಕಳಿಸಬೇಕು. ಯಾವ ಬೆಳೆ, ಯಾವ ಪಕ್ಷ, ಎಷ್ಟು ಮಳೆ, ಬಿಡಿಸಿ ಬರೆಯಬೇಕು. ಎಲ್ಲವನ್ನೂ ಮುಂದಿನ ವರ್ಷದ ದಸರಾ ಸಂಚಿಕೆಯಲ್ಲಿ ಬರೆದವರ ಹೆಸರಿನೊಂದಿಗೆ ಹಾಕುತ್ತೇವೆ. ನೀವೂ ಬರೆಯಿರಿ, ಮೊಮ್ಮಗನ ಕೈಲೂ ಬರೆಸಿ. ವಾಟ್ಸಾಪ್ ಮಾಡಬೇಡಿ. ನಮಗೆ ಅಂಚೆ ಮುದ್ರೆಯ ತಾರೀಖು ಬೇಕು.